ನಾಲ್ಕು ಬೋರ್ಡಿನ ಲೆಕ್ಕ: ಚೆಸ್ ಒಲಿಂಪಿಯಾಡ್ ನಡೆದು ಬಂದ ದಾರಿ

2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್‌ನ ಚೆಸ್ ಒಲಿಂಪಿಯಾಡ್‌ನಲ್ಲಿ ಭಾರತ ಮುಕ್ತ, ಮಹಿಳಾ ಎರಡೂ ವಿಭಾಗಗಳ ಚಿನ್ನ ಗೆದ್ದ ಮೇಲೆ, ಶಿರಸಿ, ಕಾರವಾರಗಳಲ್ಲಿ ಮಕ್ಕಳನ್ನು ಚೆಸ್ ತರಗತಿಗೆ ಬಿಟ್ಟು ಹೊರಗೆ ಕಾಯುವ ಪಾಲಕರ ಪ್ರಶ್ನೆಗಳು ಹೆಚ್ಚಿವೆ. ಒಲಿಂಪಿಯಾಡ್ ಎಂದರೆ ದೇಶಗಳ ತಂಡಗಳ ಕೂಟ; ಪ್ರತಿ ಪಂದ್ಯದಲ್ಲಿ ಎರಡು ತಂಡಗಳ ನಾಲ್ವರು ನಾಲ್ಕು ಬೋರ್ಡುಗಳಲ್ಲಿ ಎದುರುಬದುರು ಆಡುತ್ತಾರೆ. ರೇಟಿಂಗ್‌ನಲ್ಲಿ ಭಾರತೀಯರಲ್ಲೇ ಮುಂದಿದ್ದ ಅರ್ಜುನ್ ಎರಿಗೈಸಿ ಮೂರನೇ ಬೋರ್ಡಿನಲ್ಲಿ ಕುಳಿತದ್ದೇಕೆ? ಅಂಕ ಸಮವಿದ್ದರೂ ಒಂದು ದೇಶಕ್ಕೆ ಚಿನ್ನ, ಇನ್ನೊಂದಕ್ಕೆ ಬೆಳ್ಳಿ ಹೇಗೆ? ಇದು ಒಲಿಂಪಿಕ್ಸ್‌ನ ಭಾಗವೇ?

ಕೊನೆಯದಕ್ಕೆ ಉತ್ತರ ಸುಲಭ: ಅಲ್ಲ. ಇದು 1924ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಫಿಡೆ ಎಂಬ ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯ ಕೂಟ. ಮೊದಲ ಅಧಿಕೃತ ಒಲಿಂಪಿಯಾಡ್ 1927ರಲ್ಲಿ ಲಂಡನ್‌ನಲ್ಲಿ ನಡೆಯಿತು; 16 ತಂಡಗಳಲ್ಲಿ ಹಂಗೇರಿ ಗೆದ್ದಿತು. 1939ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕೂಟ ನಡೆಯುತ್ತಿರುವಾಗಲೇ ಯುದ್ಧ ಶುರುವಾಗಿ, ಪೋಲೆಂಡಿನ ನೈಡಾರ್ಫ್ ಸೇರಿದಂತೆ ಹಲವರು ಅಲ್ಲಿಯೇ ಉಳಿದುಬಿಟ್ಟರು. 1952ರಿಂದ ಸೋವಿಯತ್ ಒಕ್ಕೂಟದ ಕಾಲ, ಅದು ಒಡೆದ ಮೇಲೆ 2002ರವರೆಗೆ ರಷ್ಯಾದ ಕಾಲ. 1956ರಲ್ಲಿ ಮಾಸ್ಕೋದಲ್ಲಿ ಮೊದಲ ಬಾರಿ ಆಡಿದ ಭಾರತ ಪದಕಕ್ಕಾಗಿ 2014ರವರೆಗೆ ಕಾಯಬೇಕಾಯಿತು.

ರಾಜಕೀಯವೂ ಜೊತೆಗೇ ಬಂತು. 1976ರಲ್ಲಿ ಇಸ್ರೇಲಿನ ಹೈಫಾಕ್ಕೆ ಸೋವಿಯತ್ ಮತ್ತು ಅರಬ್ ತಂಡಗಳು ಹೋಗಲಿಲ್ಲ. ಲಿಬಿಯಾ ತನ್ನ ಟ್ರಿಪೋಲಿಯಲ್ಲಿ ಬೇರೆಯೇ ಕೂಟ ನಡೆಸಿತು. ಉಕ್ರೇನ್ ಯುದ್ಧದಿಂದಾಗಿ 2022ರ ಕೂಟ ಮಾಸ್ಕೋದಿಂದ ಚೆನ್ನೈಗೆ ಬಂತು. ನಮಗೆ ಅದು ಹಬ್ಬವೇ ಆಯಿತು. ಆದರೂ ಅಗ್ರ ತಂಡವೊಂದು ಹೊರಗಿದ್ದಾಗ ಗೆದ್ದವರ ಪದಕದ ಬಗ್ಗೆಯೂ ಜನ ಮಾತಾಡುತ್ತಾರೆ, ಅದು ಆಡಿದವರಿಗೆ ನ್ಯಾಯವಲ್ಲ.

ಜನರಿಗೆ ಹೆಚ್ಚು ಗೊಂದಲವಿರುವುದು ಅಂಕದ ಲೆಕ್ಕದಲ್ಲಿ. ಒಂದು ಬೋರ್ಡಿನಲ್ಲಿ ಗೆದ್ದರೆ 1, ಡ್ರಾ ಆದರೆ ಅರ್ಧ ಅಂಕ. 2006ರವರೆಗೆ ಎಲ್ಲ ಬೋರ್ಡುಗಳ ಅಂಕ ಕೂಡಿಸಿ ಸ್ಥಾನ ಕೊಡುತ್ತಿದ್ದರು. 1978ರಲ್ಲಿ ಹಂಗೇರಿ 37, ಸೋವಿಯತ್ 36. ಒಂದೇ ಅಂಕದಲ್ಲಿ ಚಿನ್ನ ಕೈತಪ್ಪಿತು. ಆ ಪದ್ಧತಿಯಲ್ಲಿ ಬಲಿಷ್ಠರನ್ನು ಕಷ್ಟಪಟ್ಟು 2.5-1.5ರಿಂದ ಸೋಲಿಸುವುದಕ್ಕಿಂತ ದುರ್ಬಲರನ್ನು 4-0ಯಿಂದ ಮಣಿಸುವುದೇ ಲಾಭ. 2008ರಲ್ಲಿ ಡ್ರೆಸ್ಡೆನ್‌ನಲ್ಲಿ ಇದು ಬದಲಾಯಿತು: ತಂಡ ಪಂದ್ಯ ಗೆದ್ದರೆ 2 ಪಂದ್ಯಾಂಕ, ಡ್ರಾ ಆದರೆ 1. ಅಂತರ ಎಷ್ಟೇ ಇರಲಿ.

ಬುಡಾಪೆಸ್ಟ್‌ನಲ್ಲಿ ಮುಕ್ತ ವಿಭಾಗದ ಹತ್ತನೇ ಸುತ್ತನ್ನು ನೋಡಿ. ಅಮೆರಿಕದ ವಿರುದ್ಧ ಪ್ರಜ್ಞಾನಂದ ವೆಸ್ಲಿ ಸೋಗೆ ಸೋತರು. ಗುಕೇಶ್ ಕರುವಾನಾರನ್ನು, ಅರ್ಜುನ್ ಡೊಮಿಂಗೆಜ್‌ರನ್ನು ಸೋಲಿಸಿದರು. ವಿದಿತ್ ಅರೋನಿಯನ್ ಜೊತೆ ಡ್ರಾ ಮಾಡಿಕೊಂಡರು. ಭಾರತಕ್ಕೆ 2.5-1.5ರ ಗೆಲುವು, ಪೂರ್ತಿ 2 ಅಂಕ. ವಿದಿತ್ ಸೋತಿದ್ದರೆ 2-2 ಆಗಿ ಒಂದು ಅಂಕ ಹೋಗುತ್ತಿತ್ತು. ನಾಲ್ಕನೇ ಬೋರ್ಡಿನ ಡ್ರಾಕ್ಕೆ ಇಷ್ಟು ಬೆಲೆ ಬಂದದ್ದು ಹೊಸ ಪದ್ಧತಿಯ ದೊಡ್ಡ ಗುಣ. ತಂಡದ ಆಟ ಎಂದರೆ ಹೀಗೆಯೇ ಇರಬೇಕು. ಬೋರ್ಡಿನ ಕ್ರಮವನ್ನು ಕೂಟಕ್ಕೆ ಮುನ್ನವೇ ಕೊಡಬೇಕು, ರೇಟಿಂಗ್ ಪ್ರಕಾರವೇ ಇರಬೇಕೆಂದಿಲ್ಲ. ಮೊದಲ ಬೋರ್ಡಿನಲ್ಲಿ ಗುಕೇಶ್ 10ಕ್ಕೆ 9, ಮೂರನೆಯದರಲ್ಲಿ ಅರ್ಜುನ್ 11ಕ್ಕೆ 10 ಗಳಿಸಿದ್ದರಿಂದ ಆ ಲೆಕ್ಕಾಚಾರ ಫಲಿಸಿತು.

ಹೊಸ ಪದ್ಧತಿಯಲ್ಲಿ ಅಂಕಗಳು ಸಮವಾಗುವುದು ಹೆಚ್ಚು. 2012ರಲ್ಲಿ ಅರ್ಮೇನಿಯಾ ಮತ್ತು ರಷ್ಯಾ, 2016ರಲ್ಲಿ ಅಮೆರಿಕ ಮತ್ತು ಉಕ್ರೇನ್, 2022ರಲ್ಲಿ ಉಜ್ಬೇಕಿಸ್ತಾನ ಮತ್ತು ಅರ್ಮೇನಿಯಾ. ಆಗ ಟೈಬ್ರೇಕ್, ಅಂದರೆ ಸಮಬಲ ಮುರಿಯುವ ಲೆಕ್ಕ: ಪ್ರತಿ ಎದುರಾಳಿ ತಂಡದ ಪಂದ್ಯಾಂಕವನ್ನು ಆ ತಂಡದ ವಿರುದ್ಧ ನಾವು ಗಳಿಸಿದ ಬೋರ್ಡ್ ಅಂಕದಿಂದ ಗುಣಿಸಿ, ಅತ್ಯಂತ ಕಡಿಮೆ ಅಂಕದ ಎದುರಾಳಿಯನ್ನು ಬಿಟ್ಟು ಕೂಡಿಸುತ್ತಾರೆ. ಹಾಗಾಗಿ ಚಿನ್ನ ಯಾರಿಗೆ ಎಂಬುದು ಬೇರೆ ದೇಶಗಳ ಪಂದ್ಯದ ಮೇಲೂ ನಿಲ್ಲುತ್ತದೆ. 2024ರ ಮುಕ್ತ ವಿಭಾಗದಲ್ಲಿ ಭಾರತಕ್ಕೆ ಈ ಚಿಂತೆಯೇ ಇರಲಿಲ್ಲ: ಹತ್ತು ಗೆಲುವು, ಉಜ್ಬೇಕಿಸ್ತಾನದ ಜೊತೆ ಒಂದು ಡ್ರಾ, 21 ಅಂಕ, ಎರಡನೇ ಸ್ಥಾನದವರಿಗೆ 17.

ದೇವಿಮನೆ ಘಾಟಿ ಇಳಿದು ಕರಾವಳಿಗೆ, ಏರಿ ಶಿರಸಿಗೆ ಆಡಲು ಬರುವ ನಮ್ಮ ಮಕ್ಕಳ ಕಣ್ಣು ಬಹುತೇಕ ಸ್ವಂತ ಅಂಕದ ಮೇಲೆಯೇ ಇರುತ್ತದೆ. ಎರಡು ಶಾಲೆಗಳು ನಾಲ್ಕು ಬೋರ್ಡು ಹಾಕಿ ಮಳೆಗಾಲದ ಒಂದು ಮಧ್ಯಾಹ್ನ ಎದುರುಬದುರು ಕುಳಿತರೆ ಸಾಕು, ತಾನು ಸೋಲುತ್ತಿರುವಾಗಲೂ ಪಕ್ಕದವನ ಆಟವೇನಾಯಿತೆಂದು ಕತ್ತು ಹೊರಳಿಸಿ ನೋಡುವುದನ್ನು ಅವರು ಕಲಿಯುತ್ತಾರೆ. 2026ರ ಒಲಿಂಪಿಯಾಡ್ ಉಜ್ಬೇಕಿಸ್ತಾನದ ಸಮರ್ಕಂದಕ್ಕೆ ನಿಗದಿಯಾಗಿದೆ. ಅಂಕಪಟ್ಟಿ ತೆರೆದಾಗ ಮೊದಲು ಪಂದ್ಯಾಂಕದ ಅಂಕಣ ನೋಡಿ, ಅದು ಸಮವಿದ್ದರೆ ಮಾತ್ರ ಉಳಿದ ಅಂಕಣಗಳಿಗೆ ಹೋಗಿ.