ಮಗು ಕುದುರೆ ಬಗ್ಗೆ ಮಾತಾಡಿದರೆ ಕುದುರೆ ಬಗ್ಗೆಯೇ ಮಾತಾಡಿ

ಹಾಸನದ ನನ್ನ ಕ್ಲಿನಿಕ್ಕಿಗೆ ಬರುವ ಕೆಲವು ಅಪ್ಪ ಅಮ್ಮಂದಿರು ಮಗುವಿನಿಂದ ಕಿತ್ಕೊಂಡ ದಪ್ಪ ಪುಸ್ತಕವನ್ನೂ ಜೊತೆಗೆ ತರುತ್ತಾರೆ. "ಮೇಡಂ, ಯಾವಾಗ ನೋಡಿದ್ರೂ ಮಾಟ, ಮಂತ್ರ, ಡ್ರ್ಯಾಗನ್. ಇವನಿಗೆ ತಲೆ ಕೆಟ್ಟಿದೆ" ಅನ್ನುತ್ತಾರೆ. ಪುಸ್ತಕ ವಾಪಸ್ ಕೊಡಿ ಅನ್ನುತ್ತೇನೆ. ಡ್ರ್ಯಾಗನ್ ಇಲ್ಲ ಅಂತ ಹೈಸ್ಕೂಲ್ ಹುಡುಗನಿಗೆ ಚೆನ್ನಾಗಿ ಗೊತ್ತು.

ನನಗೆ ಜಾಸ್ತಿ ಸಂಕಟವಾಗುವುದು ಇನ್ನೊಂದು ಬಗೆಯವರಿಂದ. ಇಂಥ ಕತೆ ಮನಸ್ಸಿಗೆ ಒಳ್ಳೆಯದು ಅಂತ ಕೇಳಿ, ತಾವೇ ಪುಸ್ತಕ ತಂದುಕೊಡುತ್ತಾರೆ. ಆಮೇಲೆ ಪಕ್ಕದಲ್ಲಿ ಕೂತು ವಿಚಾರಣೆ ಶುರು: "ಇದು ನೀನೇ ಅಲ್ವಾ? ಆ ರಾಕ್ಷಸ ಯಾರು, ನಿಮ್ಮ ಮ್ಯಾತ್ಸ್ ಮೇಷ್ಟ್ರಾ?"

ಸಕಲೇಶಪುರದ ಕಡೆ ತೋಟದ ಮನೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವಳ ಕಣ್ಣೆದುರೇ ಅಜ್ಜ ತೀರಿಕೊಂಡಿದ್ದರು. ಆ ಮಾತು ಎತ್ತಿದರೆ ಬಾಯೇ ಬಿಡುತ್ತಿರಲಿಲ್ಲ. ಮಾಂತ್ರಿಕರ ಶಾಲೆಯ ಕತೆ ಹೇಳುವ ಹ್ಯಾರಿ ಪಾಟರ್ ಪುಸ್ತಕಗಳು ಅಂದರೆ ಮಾತ್ರ ಮಾತು ನಿಲ್ಲುತ್ತಿರಲಿಲ್ಲ. 2003ರಲ್ಲಿ ಬಂದ ಐದನೇ ಪುಸ್ತಕದಲ್ಲಿ ಥೆಸ್ಟ್ರಲ್ ಎಂಬ ರೆಕ್ಕೆಯ ಕುದುರೆಗಳಿವೆ. ಶಾಲೆಯ ಗಾಡಿ ಎಳೆಯುವುದು ಅವೇ. ಸಾವನ್ನು ಕಂಡವರಿಗೆ ಮಾತ್ರ ಅವು ಕಾಣುತ್ತವೆ. ಒಂಬತ್ತನೇ ವಯಸ್ಸಲ್ಲಿ ಅಮ್ಮನ ಸಾವು ನೋಡಿದ ಲೂನಾ ಎಂಬ ಹುಡುಗಿಗೂ ಕಾಣುತ್ತವೆ.

"ಆಂಟಿ, ನಾನು ಅಲ್ಲಿದ್ದಿದ್ರೆ ನಂಗೂ ಕಾಣ್ತಿತ್ತು" ಅಂದಳು.

ಜೊತೆಗಿದ್ದ ಅಮ್ಮ ತಟ್ಟನೆ, "ಅಜ್ಜನ ವಿಷಯ ಹೇಳ್ತಿದೀಯಾ ಪುಟ್ಟಿ?" ಅಂದರು. ಅಷ್ಟೇ. ಹುಡುಗಿ ಬ್ಯಾಗಿನ ಜಿಪ್ ಎಳೆಯುತ್ತಾ ಕೂತುಬಿಟ್ಟಳು.

ಆ ತಾಯಿಯದು ಪ್ರೀತಿಯೇ. ಆದರೆ ದಯವಿಟ್ಟು ಇಷ್ಟು ಅರ್ಥ ಮಾಡಿಕೊಳ್ಳಿ: ಅವಳಿಗೆ ಬೇಕಾಗಿದ್ದದ್ದು ಆ ದೂರ. ದುಃಖ ತನ್ನದಾದರೆ ಮುಟ್ಟೋಕೂ ಭಯ, ಲೂನಾಳದಾದರೆ ಕೈಗೆತ್ತಿಕೊಂಡು ನೋಡಬಹುದು. ನೀವು "ಇದು ನಿಂದೇ" ಅಂದ ಕೂಡಲೇ ಆ ದೂರ ಹೋಯಿತು. ಮಗುವಿಗೆ ಒಳಗೊಳಗೇ ಗೊತ್ತಿಲ್ಲವೆಂದಲ್ಲ. ಯಾವಾಗ ಹೇಳಬೇಕು ಎನ್ನುವುದು ಅವಳ ಕೈಯಲ್ಲಿರಬೇಕು. ಮುಂದೆ ಅವಳು ಬಂದಾಗೆಲ್ಲ ನಾವು ಕುದುರೆ ಬಗ್ಗೆಯೇ ಮಾತಾಡಿದೆವು. ಅವು ಏನು ತಿನ್ನುತ್ತವೆ, ಮುಟ್ಟಿದರೆ ತಣ್ಣಗಿರುತ್ತವಾ, ಒಬ್ಬಳಿಗೇ ಕಂಡರೆ ಬೇರೆಯವರು ನಂಬುತ್ತಾರಾ. ಅಜ್ಜನ ಮಾತು ಅವಳಾಗೇ ಎತ್ತಿದಳು, ತುಂಬಾ ದಿನ ಕಳೆದ ಮೇಲೆ.

ಅದೇ ಸರಣಿಯ 1999ರ ಪುಸ್ತಕದಲ್ಲಿ ಸಂತೋಷವನ್ನೆಲ್ಲ ಹೀರಿಬಿಡುವ ಡಿಮೆಂಟರ್‌ಗಳು ಬರುತ್ತವೆ. ತಾನು ಅನುಭವಿಸಿದ ಖಿನ್ನತೆಯೇ ಅದಕ್ಕೆ ಮೂಲ ಎಂದು ಲೇಖಕಿ ರೋಲಿಂಗ್ ಹೇಳಿದ್ದಾರೆ. "ಇವತ್ತು ಡಿಮೆಂಟರ್ ಬಂದಿತ್ತಮ್ಮ" ಅಂತ ಮಗ ಹೇಳಿದರೆ, "ಸುಮ್ನೆ ಓದ್ಕೋ" ಅನ್ನಬೇಡಿ. ಡಿಪ್ರೆಶನ್ ಬಗ್ಗೆ ಪಾಠವನ್ನೂ ಮಾಡಬೇಡಿ. ಎಷ್ಟು ಹೊತ್ತು ಇತ್ತು ಅಂತ ಕೇಳಿ.

ಕಾದಂಬರಿ ಔಷಧಿ ಅಂತ ನಾನು ಹೇಳುತ್ತಿಲ್ಲ. ಎಲ್ಲ ಮಕ್ಕಳಿಗೂ ಇದು ಒಗ್ಗುವುದೂ ಇಲ್ಲ. ಕೆಲವರಿಗೆ ಇಂಥ ಕತೆ ಓದಿದರೆ ಭಯವೇ ಜಾಸ್ತಿಯಾಗಬಹುದು. ಮಗು ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದೆ, ಸ್ಕೂಲಿಗೆ ಹೋಗಲ್ಲ ಅನ್ನುತ್ತಿದೆ ಅಂದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರಂತೂ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.