ಕ್ಯೂ ಆದ ಮೇಲೆ ಯು ಬರಲೇಬೇಕಾ?

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಇಂಗ್ಲಿಷಿನಲ್ಲಿ ಕ್ಯೂ ಬರೆದರೆ ಅದರ ಹಿಂದೆ ಯು ಬರೆಯಲೇಬೇಕು ಅಂತ ಕಲಿತಿದ್ದಾಳೆ. ಕತಾರ್‌ನಲ್ಲಿರುವ ಮಾವನ ವಿಳಾಸ ಬರೆಯುವಾಗ ದೇಶದ ಹೆಸರಿಗೂ ಒಂದು ಯು ಸೇರಿಸಿಬಿಟ್ಟಳು. ತಪ್ಪು ಅಂದರೆ ಒಪ್ಪುತ್ತಿಲ್ಲ. ನಿಯಮ ಸರಿಯೋ, ಕತಾರ್ ಸರಿಯೋ? (ಭಟ್ಕಳದ ಓದುಗರು)

ಉತ್ತರ: ಕತಾರ್ ಸರಿ. ಮಗಳದ್ದು ತಪ್ಪಲ್ಲ, ಕಲಿಸಿದ ನಿಯಮದ್ದು ತಪ್ಪು.

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಾಯಿ ನೋವು ಬಂದಿದೆ ಮಾರಾಯ್ರೇ. ಕಾರವಾರದವರು ಕೇಳುತ್ತಾರೆ, ಕುಮಟೆಯವರು ಕೇಳುತ್ತಾರೆ, ಶಿರಸಿಯಿಂದ ಮೇಷ್ಟ್ರುಗಳೇ ಕೇಳುತ್ತಾರೆ. ಕ್ಯೂ ಮತ್ತು ಯು ಗಂಡ ಹೆಂಡತಿ ಇದ್ದ ಹಾಗೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಹೊರಗೆ ಬರುವುದಿಲ್ಲ ಅಂತ ಮಕ್ಕಳಿಗೆ ಹೇಳಿಕೊಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಯು ಯಾರ ಜೊತೆ ಬೇಕಾದರೂ ಓಡಾಡುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ಮೊದಲು ಆ ಯು ಅಲ್ಲಿ ಏನು ಮಾಡುತ್ತಿದೆ ನೋಡಿ. ಕ್ವೀನ್, ಕ್ವಿಕ್, ಕ್ವಾಲಿಟಿ ಅಂತ ಕನ್ನಡದಲ್ಲಿ ಬರೆದರೆ ಕಕಾರಕ್ಕೆ ವ ಒತ್ತು ಬರುತ್ತದೆ ಅಲ್ವಾ? ಯು ಅಂದರೆ ಆ ವ ಒತ್ತು. ಅಷ್ಟೇ ಅದರ ಕೆಲಸ. ಲಿಕ್ಕರ್, ಚೆಕ್, ಯುನೀಕ್ ಪದಗಳಲ್ಲಿ ಆ ಕೆಲಸವೂ ಇಲ್ಲ, ಸುಮ್ನೆ ಕೂತಿರುತ್ತದೆ. ಕಾಂಕರ್ ಅಂದರೆ ಗೆಲ್ಲು, ಅಲ್ಲಿ ಯು ಮೂಕ. ಅದೇ ಪದದ ನೆಂಟ ಕಾಂಕ್ವೆಸ್ಟ್ ಅಂದರೆ ಗೆಲುವು, ಅಲ್ಲಿ ಯು ಬಾಯಿ ಬಿಡುತ್ತದೆ. ಬಂದರಿನಲ್ಲಿ ಹಡಗು ಕಟ್ಟುವ ಕಟ್ಟೆಗೆ ಇಂಗ್ಲಿಷಿನಲ್ಲಿ ಕ್ಯೂ, ಯು, ಎ, ವೈ ಬರೆದು ‘ಕೀ’ ಅಂತ ಓದುತ್ತಾರೆ. ಕಾರವಾರದ ಮಕ್ಕಳು ಇದನ್ನು ‘ಕ್ವೇ’ ಅಂತ ಓದಿದರೆ ನಾನು ಬೈಯುವುದಿಲ್ಲ. ನಮ್ಮ ಗಡಿಯಾಚೆ ಗೋವಾದಲ್ಲಿ ಕೇಪೆ ಊರಿನ ಹೆಸರನ್ನೂ ಹೀಗೆಯೇ ಕ್ಯೂ, ಯು ಹಾಕಿ ಬರೆಯುತ್ತಾರೆ. ಅದು ಪೋರ್ಚುಗೀಸರ ಪದ್ಧತಿ. ಅಲ್ಲಿಯೂ ಯು ಮೂಕ.

ಈಗ ಯು ಇಲ್ಲದ ಪದಗಳಿಗೆ ಬರೋಣ. ಇರಾಕ್ ಕೊನೆಗೊಳ್ಳುವುದೇ ಕ್ಯೂನಲ್ಲಿ. ಬುರ್ಖಾ, ನಿಕಾಬ್, ತಲಾಕ್, ಕವ್ವಾಲಿ ಎಲ್ಲವೂ ಇಂಗ್ಲಿಷ್ ನಿಘಂಟಿನಲ್ಲಿವೆ, ಎಲ್ಲದರಲ್ಲೂ ಕ್ಯೂ ಒಂಟಿ. ಕಾರಣ ಸರಳ. ಅರಬಿಯಲ್ಲಿ ಎರಡು ‘ಕ’ ಇವೆ. ಒಂದು ನಮ್ಮದೇ ಕ. ಇನ್ನೊಂದು ಗಂಟಲಿನ ಆಳದಿಂದ ಹೊರಡುವ ಕ. ಮೊದಲನೆಯದಕ್ಕೆ ಇಂಗ್ಲಿಷಿನ ಕೆ ಕೊಟ್ಟರು, ಎರಡನೆಯದಕ್ಕೆ ಕ್ಯೂ ಕೊಟ್ಟರು. ಭಟ್ಕಳದಲ್ಲಿ ಅರಬಿ ಓದಿದ ಮಕ್ಕಳಿಗೆ ಇದನ್ನು ನಾನು ಹೇಳಬೇಕಾಗಿಲ್ಲ, ಅವರೇ ನನಗೆ ಉಚ್ಚರಿಸಿ ತೋರಿಸುತ್ತಾರೆ. ಹಾಗಾದರೆ ಕುರಾನ್‌ನಲ್ಲಿ ಯು ಇದೆಯಲ್ಲ ಅನ್ನಬೇಡಿ. ಅದು ವ ಒತ್ತಲ್ಲ, ‘ಕು’ವಿನ ಕೊಂಬು. ಕುತುಬ್ ಮಿನಾರಿನದ್ದೂ ಅದೇ ಕಥೆ.

ಚೀನಾದವರದ್ದು ಇನ್ನೊಂದೇ ಲೆಕ್ಕ. 1958ರಲ್ಲಿ ಅವರು ತಮ್ಮ ಭಾಷೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಯನ್ನು ಅಧಿಕೃತ ಮಾಡಿದಾಗ ಕ್ಯೂಗೆ ಹೆಚ್ಚುಕಡಿಮೆ ‘ಚ’ದ ಸದ್ದು ಕೊಟ್ಟರು. ಅದಕ್ಕೇ ಚೀನಾದ ಕೊನೆಯ ರಾಜವಂಶದ ಹೆಸರನ್ನು ಕ್ಯೂನಿಂದ ಬರೆದು ‘ಚಿಂಗ್’ ಅಂತ ಓದಬೇಕು. ಕ್ಯೂ, ಐ ಎರಡೇ ಅಕ್ಷರ ಬರೆದರೆ ‘ಚೀ’, ಅಂದರೆ ಪ್ರಾಣಶಕ್ತಿ. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಆಡುವವರಿಗೆ ಈ ಪದ ದೇವರಿದ್ದಂತೆ. ಕ್ಯೂ ಬಿಲ್ಲೆಗೆ 10 ಅಂಕ, ಯು ಕೈಗೆ ಸಿಗದಿದ್ದರೂ ಚಿಂತೆಯಿಲ್ಲ.

ಇಲ್ಲಿಗೆ ಬಂದಾಗ ಯಾರಾದರೂ ಎದ್ದು ನಿಲ್ಲುತ್ತಾರೆ. ‘ಸರ್, ಅವೆಲ್ಲ ಹೊರಗಿನ ಪದ. ಅಸಲಿ ಇಂಗ್ಲಿಷ್ ಪದದಲ್ಲಿ ಯು ಬರಲೇಬೇಕು.’ ನನಗೆ ನಿಜವಾಗಿ ಸಿಟ್ಟು ಬರುವುದು ಇದಕ್ಕೇ. ಅಸಲಿ ಅಂದರೆ ಯಾವುದು? ಕ್ವಶ್ಚನ್, ಕ್ವಾಲಿಟಿ, ಕ್ವಾಂಟಿಟಿ ಲ್ಯಾಟಿನ್ನಿನಿಂದ, ಫ್ರೆಂಚಿನಿಂದ ಬಂದವು. ಹೊರಗಿನವರನ್ನು ಓಡಿಸುವುದಾದರೆ ಮೊದಲು ಅವುಗಳನ್ನು ಓಡಿಸಬೇಕು. ಉಳಿಯುವ ಶುದ್ಧ ಇಂಗ್ಲಿಷ್ ಪದಗಳು ಕ್ವೀನ್, ಕ್ವಿಕ್ ಥರದ ಕೆಲವು. ಅವುಗಳಲ್ಲಿ ಮೂಲತಃ ಕ್ಯೂ ಇರಲೇ ಇಲ್ಲ! ಹಳೆಯ ಇಂಗ್ಲಿಷಿನಲ್ಲಿ ಇವೆರಡನ್ನೂ ಸಿ, ಡಬ್ಲ್ಯೂ ಹಾಕಿ ಬರೆಯುತ್ತಿದ್ದರು. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರ ಕಾಲದ ಬರಹಗಾರರು ಫ್ರೆಂಚ್ ಅಭ್ಯಾಸದಂತೆ ನಿಧಾನಕ್ಕೆ ಕ್ಯೂ, ಯು ತಂದು ತುಂಬಿದರು. ಅಂದರೆ ಈ ಜೋಡಿಯೇ ಹೊರಗಿನದ್ದು. ಅದನ್ನೇ ಇಟ್ಟುಕೊಂಡು ಬೇರೆಯವರನ್ನು ಹೊರಗಿನವರು ಅನ್ನುವುದು ಯಾವ ನ್ಯಾಯ?

ಇನ್ನೂ ಸಂಶಯ ಇದ್ದರೆ ನಿಮ್ಮ ಕಂಪ್ಯೂಟರಿನ ಕೀಬೋರ್ಡ್ ನೋಡಿ. ಅಕ್ಷರಗಳ ಮೇಲಿನ ಸಾಲಿನ ಮೊದಲ ಆರು ಅಕ್ಷರ ಸೇರಿಸಿ ಓದಿದರೆ ‘ಕ್ವರ್ಟಿ’. ಆ ಜೋಡಣೆಗೆ ಅದೇ ಹೆಸರು. ಇಂಗ್ಲಿಷಿನೊಳಗೇ ಹುಟ್ಟಿದ ಪದ, ಯು ಇಲ್ಲ. ವ ಒತ್ತಿನ ಕೆಲಸವನ್ನು ಪಕ್ಕದ ಡಬ್ಲ್ಯೂ ಮಾಡುತ್ತಿದೆ.

ಹಾಗಂತ ಮಗಳಿಗೆ ನಿಯಮವನ್ನೇ ಮರೆತುಬಿಡು ಅನ್ನಬೇಡಿ. ಶಾಲೆಯ ಪುಸ್ತಕದ ಮಟ್ಟಿಗೆ ಕ್ಯೂ ಜೊತೆ ಯು ಬರೆದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಹೆಸರು ಬಂದಾಗ ಮಾತ್ರ ಹೆಸರಿನವರು ಹೇಗೆ ಬರೆಯುತ್ತಾರೋ ಹಾಗೆ. ದೇಶ, ಊರು, ಮನುಷ್ಯ ಯಾವುದಾದರೂ ಸರಿ.

ಇದನ್ನೆಲ್ಲ ಹೇಳುವಾಗ ನನಗೆ ಯಾವಾಗಲೂ ನೆನಪಾಗುವುದು ಕ್ವಿಂಟಲ್. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಕ್ವ ಶಬ್ದದಿಂದ ಶುರುವಾಗುವ ಕೆಲವು ಪದಗಳ ಹೊಟ್ಟೆಯಲ್ಲಿ ಲ್ಯಾಟಿನ್ ಸಂಖ್ಯೆ ಇರುತ್ತದೆ. ಕ್ವಾರ್ಟರ್ ಅಂದರೆ ನಾಲ್ಕನೇ ಒಂದು ಪಾಲು. ಕ್ವಾರಂಟೈನ್‌ನಲ್ಲಿ ಇರುವುದು ನಲವತ್ತು. ಹಿಂದೆ ವೆನಿಸ್ಸಿನವರು ರೋಗದ ಭಯಕ್ಕೆ ಹಡಗುಗಳನ್ನು 40 ದಿನ ಹೊರಗೇ ನಿಲ್ಲಿಸುತ್ತಿದ್ದರು. ಕೊರೊನಾ ಕಾಲದಲ್ಲಿ ನಾವು 14 ದಿನಕ್ಕೇ ಸುಸ್ತಾದೆವು. ಕ್ವಿಂಟ್ ಅಂತ ಬಂದರೆ ಸಾಮಾನ್ಯವಾಗಿ ಐದು. ಒಂದೇ ಹೆರಿಗೆಯಲ್ಲಿ ಹುಟ್ಟಿದ ಐದು ಮಕ್ಕಳಿಗೆ ಕ್ವಿಂಟುಪ್ಲೆಟ್ಸ್ ಅನ್ನುತ್ತಾರೆ. ಹಾಗಿದ್ದರೆ ಶಿರಸಿ ಮಾರುಕಟ್ಟೆಯಲ್ಲಿ ಅಡಿಕೆ ತೂಗುವ ಕ್ವಿಂಟಲ್‌ಗೆ 100 ಕಿಲೋ ಯಾಕೆ, ಐದು ಎಲ್ಲಿ ಹೋಯಿತು?

ಐದು ಅಲ್ಲಿ ಇರಲೇ ಇಲ್ಲ. ಲ್ಯಾಟಿನ್ನಿನಲ್ಲಿ ನೂರಕ್ಕೆ ‘ಕೆಂಟುಂ’ ಅನ್ನುತ್ತಾರೆ, ಸೆಂಚುರಿ ಬಂದದ್ದು ಅದರಿಂದಲೇ. ಅದರಿಂದ ಹುಟ್ಟಿದ ಒಂದು ತೂಕದ ಹೆಸರು ಗ್ರೀಕರ ಕೈದಾಟಿ ಅರಬರ ಹತ್ತಿರ ಹೋಗಿ ‘ಕಿಂತಾರ್’ ಆಯಿತು. ವ್ಯಾಪಾರದ ಜೊತೆ ಯುರೋಪಿಗೆ ವಾಪಸ್ ಬರುವಾಗ ಕ್ವಿಂಟಲ್ ಆಯಿತು. ಮನೆಯಿಂದ ಹೊರಟಾಗ ಸಿ ಇತ್ತು, ಅರಬರ ಹತ್ತಿರ ಗಂಟಲಿನ ಆಳದ ಒಂಟಿ ಕ್ಯೂ ಆಯಿತು, ವಾಪಸ್ ಬಂದ ಮೇಲೆ ಅದರ ಹಿಂದೆ ಯಾರೋ ಒಂದು ಯು ಸೇರಿಸಿದರು. ನಿಮ್ಮ ಮಗಳು ಕತಾರ್‌ಗೆ ಮಾಡಿದ್ದೂ ಇದನ್ನೇ.