ಭಾರ ಬಿದ್ದಾಗ ಆಫ್ ಆಗುವ ಕಂಪ್ಯೂಟರ್: ಮೊದಲು ಯುಪಿಎಸ್ ಲೇಬಲ್ ಓದಿ

ಬ್ರೌಸರ್, ಟೈಪಿಂಗ್, ಯೂಟ್ಯೂಬ್ ಎಲ್ಲ ಸರಾಗ. ಗೇಮ್ ತೆರೆದರೆ ಅಥವಾ ವಿಡಿಯೊ ರೆಂಡರ್‌ಗೆ ಹಾಕಿದರೆ ಮಾತ್ರ ಆಫ್. ಈ ದೂರಿನೊಂದಿಗೆ ನನ್ನ ಬಳಿ ಬರುವ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಿನವು ಆಗಲೇ ಒಂದು ಸಲ ಫಾರ್ಮ್ಯಾಟ್ ಆಗಿರುತ್ತವೆ. ಫೋಟೊಗಳು ಹೋದವು, ತೊಂದರೆ ಹೋಗಲಿಲ್ಲ. ಭಾರ ಬಿದ್ದಾಗಷ್ಟೇ ಕೈಕೊಡುವ ಯಂತ್ರದಲ್ಲಿ ನಾನು ಮೊದಲು ಶಂಕಿಸುವುದು ವಿದ್ಯುತ್ತನ್ನು, ಆಮೇಲೆ ಬಿಸಿಯನ್ನು, ನಂತರ ರ‍್ಯಾಮ್ ಅನ್ನು. ವಿಂಡೋಸ್‌ನ ಸರದಿ ಬರುವುದು ತೀರಾ ಕೊನೆಗೆ.

ನಾನು ಕೇಳುವ ಮೊದಲ ಪ್ರಶ್ನೆ: ಹೇಗೆ ಆಫ್ ಆಯಿತು? ಸ್ವಿಚ್ ಒತ್ತಿದಂತೆ ಫ್ಯಾನ್‌ಗಳೂ ಸೇರಿ ಎಲ್ಲವೂ ಒಮ್ಮೆಗೇ ನಿಂತರೆ ವಿದ್ಯುತ್ತಿನ ಕಡೆ ನೋಡಬೇಕು. ಮೊದಲು ಗೇಮ್ ತಡವರಿಸಿ, ಫ್ಯಾನ್ ಅಬ್ಬರಿಸಿ, ಆಮೇಲೆ ನಿಂತರೆ ಬಿಸಿಯ ಕಡೆ. ನೀಲಿ ಪರದೆ ಬಂದು, ಪ್ರತಿ ಸಲವೂ ಬೇರೆ ಬೇರೆ ಸಂಕೇತ ತೋರಿಸಿದರೆ ರ‍್ಯಾಮ್ ಅಥವಾ ಪ್ರೊಸೆಸರ್. ಈವೆಂಟ್ ವ್ಯೂಯರ್‌ನಲ್ಲಿ (ವಿಂಡೋಸ್ ಘಟನೆಗಳನ್ನು ದಾಖಲಿಸುವ ಕಡೆ) ‘ಕರ್ನಲ್-ಪವರ್ 41’ ಕಂಡ ಕೂಡಲೇ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ವಿದ್ಯುತ್ ಒದಗಿಸುವ ಡಬ್ಬ) ಹೋಗಿದೆ ಎಂದು ತೀರ್ಮಾನಿಸುವವರಿದ್ದಾರೆ. ಆ ದಾಖಲೆ ಹೇಳುವುದು, ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೆ. ಅದರ ವಿವರದಲ್ಲಿ ‘ಬಗ್‌ಚೆಕ್ ಕೋಡ್’ (ನೀಲಿ ಪರದೆಯ ಸಂಕೇತ) ಸೊನ್ನೆ ಇದ್ದರೆ, ಏನಾಯಿತೆಂದು ಬರೆದಿಡಲು ವಿಂಡೋಸ್‌ಗೆ ಸಮಯವೇ ಸಿಕ್ಕಿರಲಿಕ್ಕಿಲ್ಲ. ಅದೊಂದು ಸುಳಿವು ಮಾತ್ರ.

ಮದುವೆ ವಿಡಿಯೊ ಎಡಿಟ್ ಮಾಡುವವರೊಬ್ಬರ ಯಂತ್ರ ರೆಂಡರ್ ಆರಂಭಿಸಿದ ಸ್ವಲ್ಪ ಹೊತ್ತಿಗೇ ಸಾಯುತ್ತಿತ್ತು, ಅದೂ ಹೆಚ್ಚಾಗಿ ಸಂಜೆ. ಎಸ್‌ಎಂಪಿಎಸ್ ಬದಲಾಯಿಸಿ ಆಗಿತ್ತು. ಮೇಜಿನ ಕೆಳಗಿದ್ದ ಯುಪಿಎಸ್ ತಿರುಗಿಸಿ ಲೇಬಲ್ ನೋಡಿದೆ: 600 ವಿಎ (ವೋಲ್ಟ್-ಆಂಪಿಯರ್), 360 ವ್ಯಾಟ್. ಜನ ಓದುವುದು ಮೊದಲ ಅಂಕಿಯನ್ನು, ಲೆಕ್ಕಕ್ಕೆ ಬರುವುದು ಎರಡನೆಯದು. ಗ್ರಾಫಿಕ್ಸ್ ಕಾರ್ಡ್‌ಗೆ 220 ವ್ಯಾಟ್, ಪ್ರೊಸೆಸರ್‌ಗೆ 120, ಉಳಿದ ಭಾಗಗಳಿಗೆ 50ರಷ್ಟು, ಎಸ್‌ಎಂಪಿಎಸ್‌ನಲ್ಲಿ ಬಿಸಿಯಾಗಿ ನಷ್ಟವಾಗುವುದು ಬೇರೆ, ಮಾನಿಟರ್ ಬೇರೆ. ಮೊತ್ತ 450 ದಾಟುತ್ತದೆ. ಸಂಜೆ ಬೀದಿಯಲ್ಲಿ ವೋಲ್ಟೇಜ್ ಕುಸಿದಾಗ ಯುಪಿಎಸ್ ಬ್ಯಾಟರಿಗೆ ಹೋಗುತ್ತದೆ. ಅಷ್ಟು ಹೊರೆಯನ್ನು ಹೊರಲಾರದೆ ಒಂದು ಸಣ್ಣ ‘ಬೀಪ್’ ಹಾಕಿ ಎಲ್ಲವನ್ನೂ ಕೈಬಿಡುತ್ತದೆ. “ಕರೆಂಟ್ ಹೋದಾಗಲೂ ಆಫ್ ಆಗುವುದಿಲ್ಲ ಸಾರ್, ಯುಪಿಎಸ್ ಚೆನ್ನಾಗಿದೆ” ಎಂದಿದ್ದರು ಅವರು. ಸುಳ್ಳಲ್ಲ. ಬರೀ ಬ್ರೌಸರ್ ತೆರೆದಿದ್ದಾಗ ಆ ಯಂತ್ರ ನೂರು ವ್ಯಾಟನ್ನೂ ಎಳೆಯುವುದಿಲ್ಲ.

ಹಾಗಾಗಿ ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಯುಪಿಎಸ್ ಮತ್ತು ಎಕ್ಸ್‌ಟೆನ್ಶನ್ ಬೋರ್ಡ್ ಎರಡನ್ನೂ ಬಿಟ್ಟು, ಅರ್ಥಿಂಗ್ ಸರಿಯಿರುವ ಗೋಡೆಯ ಪ್ಲಗ್‌ಗೆ ನೇರವಾಗಿ ಕೊಟ್ಟು ಅದೇ ಕೆಲಸ ಮಾಡಿಸಿ ನೋಡಿ.

ಆಗಲೂ ನಿಂತರೆ ಹೊರೆಯನ್ನು ಬಿಡಿಸಿ ಹಾಕಬೇಕು. ಪರೀಕ್ಷಾ ತಂತ್ರಾಂಶಗಳಲ್ಲಿ ಸಿನೆಬೆಂಚ್‌ನ ಸಿಪಿಯು ಪರೀಕ್ಷೆ ಅಥವಾ ಪ್ರೈಮ್95 ಪ್ರೊಸೆಸರನ್ನು ಮಾತ್ರ ದುಡಿಸುತ್ತವೆ, ಫರ್‌ಮಾರ್ಕ್ ಗ್ರಾಫಿಕ್ಸ್ ಕಾರ್ಡನ್ನು. ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೊ ತೆರೆದು ಉಷ್ಣತೆ ನೋಡುತ್ತಿರಿ. ಒಂದೊಂದಾಗಿ ಓಡಿಸಿದಾಗ ತಡೆದುಕೊಂಡು, ಎರಡೂ ಒಟ್ಟಿಗೆ ಓಡಿದಾಗ ಬಿದ್ದರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಸರಾಸರಿ 220 ವ್ಯಾಟ್ ಎಳೆದರೂ ಕ್ಷಣದ ಅತಿ ಸಣ್ಣ ಭಾಗದಲ್ಲಿ ಅದಕ್ಕಿಂತ ಬಹಳ ಮೇಲೆ ನೆಗೆಯುತ್ತದೆ. ಈ ನೆಗೆತಗಳಿಗಾಗಿಯೇ 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ, ದೊಡ್ಡ ಕಾರ್ಡ್‌ಗಳಿಗೆಂದು ತಯಾರಾಗುವ ಎಸ್‌ಎಂಪಿಎಸ್ 100 ಮೈಕ್ರೊಸೆಕೆಂಡ್ ಕಾಲ ತನ್ನ ಸಾಮರ್ಥ್ಯದ ಎರಡು ಪಟ್ಟು ತಾಳಬೇಕೆಂದು ಕೇಳುತ್ತದೆ. ಕ್ಯಾಬಿನೆಟ್ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್‌ಗೆ ಇದೆಲ್ಲ ಕನಸಿನ ಮಾತು. ಅದನ್ನು ಬಿಚ್ಚಿ ಸರಿಮಾಡಲು ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಸಂಚಕಾರ ತರುವಷ್ಟು ವಿದ್ಯುತ್ತು ಉಳಿದಿರಬಹುದು.

ಬಿಸಿಯ ವಿಷಯದಲ್ಲಿ ಭಯ ಸ್ವಲ್ಪ ಅತಿಯಾಗಿದೆ. ಇಂದಿನ ಹೆಚ್ಚಿನ ಪ್ರೊಸೆಸರ್‌ಗಳು ಮಾದರಿಗೆ ತಕ್ಕಂತೆ 95–100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ಆಫ್ ಆಗುವುದು ಅದನ್ನೂ ಮೀರಿದರೆ. ಗಮನಿಸಬೇಕಾದದ್ದು ಏರುವ ವೇಗ. ಹೊರೆ ಹಾಕಿದ ಕೆಲವೇ ಸೆಕೆಂಡುಗಳಲ್ಲಿ 95 ಮುಟ್ಟಿದರೆ ಕೂಲರ್ ಸಡಿಲವಾಗಿದೆ, ಪ್ರೊಸೆಸರ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಲಿಕ್ವಿಡ್ ಕೂಲರ್‌ನ ಪಂಪ್ ನಿಂತಿದೆ. ನಿಧಾನವಾಗಿ ಏರಿದರೆ ದೂಳು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಿರಿ.

ರ‍್ಯಾಮ್‌ಗೆ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್ ಸೆಟಿಂಗ್) ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆಫ್ ಮಾಡಿ ನೋಡಿ. ಡಬ್ಬದ ಮೇಲಿನ ವೇಗ ಸಿಗುವುದು ಎಕ್ಸ್‌ಎಂಪಿಯಿಂದಲೇ, ಆದರೆ ಅದು ಓವರ್‌ಕ್ಲಾಕಿಂಗ್, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿದಾಗ ಒಂದೇ ಒಂದು ತಪ್ಪು ಬಂದರೂ ಅದನ್ನು ಕಡೆಗಣಿಸುವಂತಿಲ್ಲ.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಐ7, ಐ9 ಇರುವವರು ಇನ್ನೊಂದನ್ನು ನೋಡಬೇಕು. ಅತಿಯಾದ ವೋಲ್ಟೇಜ್ ಪಡೆದು ಈ ಚಿಪ್‌ಗಳು ಸವೆಯುತ್ತಿದ್ದವು; ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಜಾಗ ಧಾರಾಳವಾಗಿದ್ದರೂ ‘ವಿಡಿಯೊ ಮೆಮೊರಿ ಸಾಲದು’ ಎಂದು ಗೇಮ್ ನಿಲ್ಲುವುದು ಅದರ ಗುರುತುಗಳಲ್ಲೊಂದು. 2024ರಲ್ಲಿ ಮೈಕ್ರೊಕೋಡ್ (ಚಿಪ್‌ನ ಒಳಗಿನ ಸೂಚನೆಗಳು) ತಿದ್ದುಪಡಿ ಬಂದಿದೆ, ಬಯಾಸ್ ಅಪ್‌ಡೇಟ್ ಮೂಲಕ ಸಿಗುತ್ತದೆ. ಆಗಲೇ ಸವೆದ ಚಿಪ್ ಅದರಿಂದ ಸರಿಹೋಗುವುದಿಲ್ಲ. ಅಂಥವರಿಗಾಗಿ ಇಂಟೆಲ್ ಖಾತರಿಯನ್ನು ಎರಡು ವರ್ಷ ಹೆಚ್ಚಿಸಿದೆ, ಬಿಲ್ ಹುಡುಕಿಟ್ಟುಕೊಳ್ಳಿ.